ಸೀಟಿಲ್ಲದ ಗಾಡಿ

ಜಹೀರಾಬಾದ್
8 ಅಕ್ಟೋಬರ್ 2011, ಶನಿವಾರ

ಶೀಲಾಳ ಅಪ್ಪನವರಿಗೆ ಜೈಭೀಮ್.

ಲೇಹ್‌ನಲ್ಲಿ ಚಳಿ ಶುರುವಾಗಿರಬೇಕು. ನಾನು ಹೆಣೆದು ಕಳಿಸಿದ ಉಣ್ಣೆ ಟೋಪಿಯನ್ನು ತಲೆಗೆ ಹಾಕಿಕೊಳ್ಳುತ್ತಿದ್ದೀರೋ, ಇಲ್ಲ ಹೋದ ವರ್ಷದಂತೆ ಮಿಲಿಟರಿ ಲಾರಿಯ ಬ್ಯಾಟರಿಗೆ ಹೊದಿಸಿಬಿಟ್ಟಿದ್ದೀರೋ? ಮೊಣಕಾಲು ನೋವು ಹೇಗಿದೆ? ಇಲ್ಲಿ ನಾವು ಮೂವರೂ ಕ್ಷೇಮ. ನಿಮ್ಮ ತಾಯಿಯವರ ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಇಲ್ಲ. ಹೋದ ಪತ್ರದಲ್ಲಿ ನೀವು ಮೊದಲ ಸಾಲಿಗೆ ಅಂಗಳದಲ್ಲಿರುವ ನಿಮ್ಮ ಹಳೇ ಟೂ-ಸ್ಟ್ರೋಕ್ ಮೋಟರ್‌ಸೈಕಲ್ ಹೇಗಿದೆ ಎಂದು ಕೇಳಿ, ಎರಡನೆಯ ಸಾಲಿಗೆ ಅದರ ಮೇಲಿನ ತಾಡಪತ್ರಿ ಹರಿದಿಲ್ಲವಷ್ಟೇ ಎಂದು ಕೇಳಿ, ಆಮೇಲೆ ಕಾಗದದಲ್ಲಿ ಜಾಗ ಉಳಿಯಿತೆಂದು ನನ್ನ ಆರೋಗ್ಯ ವಿಚಾರಿಸಿದ್ದೀರಿ. ಕೃತಾರ್ಥಳಾದೆ. ತಾಡಪತ್ರಿ ಹರಿದಿಲ್ಲ. ಗಾಡಿಯ ಸಮಾಚಾರವನ್ನು ಕೊನೆಗೆ ಬರೆಯುತ್ತೇನೆ. ಅದಕ್ಕಿಂತ ಮುಂಚೆ ಹೇಳಬೇಕಾದ ಹೇಸಿಗೆಗಳು ಬಹಳ ಇವೆ.

ನಿಮಗೆ ಗೊತ್ತಿರುವಂತೆ ಇಡೀ ತೆಲಂಗಾಣ ನಿಂತಿದೆ. ಬಸ್ಸು ಡಿಪೋದಲ್ಲಿ ನಿಂತಿದೆ, ಫೈಲು ಆಫೀಸಿನಲ್ಲಿ ನಿಂತಿದೆ, ನಾನು ಝರಾಸಂಗಂನ ನನ್ನ ಶಾಲೆಗೆ ಬೀಗ ಹಾಕಿ ಉಳಿದ ಟೀಚರುಗಳ ಜೊತೆ ಹೆದ್ದಾರಿ ಪಕ್ಕದ ಮುಷ್ಕರದ ಟೆಂಟಿನಲ್ಲಿ ಕೂತಿದ್ದೇನೆ. ರಸ್ತೆಯ ನಡುವೆ ಕಲ್ಲು ಗುಡ್ಡೆ ಹಾಕಿ, ಅದರ ಪಕ್ಕದಲ್ಲೇ ಒಲೆ ಹೂಡಿ, ಅಡುಗೆ ಮಾಡಿ ಎಲ್ಲರೂ ಸಾಲಾಗಿ ಉಣ್ಣುವುದು ಇಲ್ಲಿಯ ಚಳವಳಿಯ ಪದ್ಧತಿ. ನನ್ನ ಪಾಲಿಗೆ ಬಂದದ್ದು ಈರುಳ್ಳಿ ಹೆಚ್ಚುವ ಕೆಲಸ. ಪ್ರತ್ಯೇಕ ರಾಜ್ಯಕ್ಕಾಗಿ ನನ್ನಷ್ಟು ಕಣ್ಣೀರು ಸುರಿಸಿದವರು ಈ ತಾಲೂಕಿನಲ್ಲಿ ಮತ್ತೊಬ್ಬರಿಲ್ಲ. ಇಂಥ ಪವಿತ್ರ ಕಾಲದಲ್ಲಿ ಪಾಲಿಟೆಕ್ನಿಕ್ ಮುಚ್ಚಿತೆಂದು ಮನೆಗೆ ಬಂದ ನಿಮ್ಮ ಮಗಳೂ ನಿಂತಿದ್ದಾಳೆ. ಅಂಗಳದಲ್ಲಿ, ಸೈಕಲ್ಲಿನ ಪೆಡಲುಗಳ ಮೇಲೆ, ಎರಡೂ ಕಾಲೂರಿ, ಮುಂದಿನ ಚಕ್ರವನ್ನು ನನ್ನ ಬಟ್ಟೆ ಒಗೆಯುವ ಕಲ್ಲಿಗೆ ಒತ್ತಿಕೊಂಡು, ಅಲುಗಾಡದೆ ನಿಂತಿದ್ದಾಳೆ. ಬೆಳಿಗ್ಗೆ ನಿಂತಳೆಂದರೆ ಹಾಲು ಉಕ್ಕಿದರೂ ಇಳಿಯುವುದಿಲ್ಲ. ಇಳಿದದ್ದು ಒಮ್ಮೆ ಮಾತ್ರ, ಅದೂ ನೇರವಾಗಿ ಮಾವಿನ ಉಪ್ಪಿನಕಾಯಿ ಭರಣಿಯ ಮೇಲೆ. ಅಂಗಳವೆಲ್ಲ ಎಣ್ಣೆ, ಮೆಂತ್ಯದ ವಾಸನೆ, ನೊಣ. ಛೀ. ನಾನು ಬಳಿಯುತ್ತಿದ್ದರೆ ಅವಳು ನನ್ನನ್ನು ನೋಡದೆ, 'ಅಮ್ಮಾ, ಈ ಸರ್ತಿ ಎಷ್ಟೊತ್ತು ನಿಂತಿದ್ದೆ ನೋಡಿದ್ಯಾ?' ಎನ್ನುತ್ತಾಳೆ.

ಇದು ಟ್ರಯಲ್ಸ್ ಎಂಬ ಆಟಕ್ಕೆ ತಾಲೀಮು. ಮೋಟರ್‌ಸೈಕಲ್ಲಿನ ಪಂದ್ಯವಂತೆ, ಆದರೆ ಓಡುವುದು ಬೇಕಾಗಿಲ್ಲ. ಬಂಡೆ, ಗುಂಡು, ಕೊರಕಲುಗಳ ಮೇಲೆ ಗಾಡಿಯನ್ನು ಹತ್ತಿಸಿ ಇಳಿಸಬೇಕು. ಕಾಲು ನೆಲಕ್ಕೆ ತಾಗಿದರೆ ಒಂದು ದಂಡ, ಬಿದ್ದರೆ ಐದು. ಯಾರಿಗೆ ದಂಡ ಕಡಿಮೆಯೋ ಅವರು ಗೆದ್ದರು. ನನ್ನ ತವರಾದ ನ್ಯಾಲ್ಕಲ್‌ನಲ್ಲಿ ಹೊಲಕ್ಕೆ ಹೋಗುವವರೆಲ್ಲ ದಿನಾ ಮಾಡುವುದು ಇದನ್ನೇ, ಯಾರೂ ಅವರಿಗೆ ಬಹುಮಾನದ ಕಪ್ಪು ಕೊಟ್ಟದ್ದು ನಾನು ಕಾಣೆ. ಇದನ್ನು ಕಲಿಸುವವರು ತಾಂಡೂರಿನ ರೇವಪ್ಪನವರು. ಹರೆಯದಲ್ಲಿ ಪುಣೆಯ ಕಡೆ ಇಂಥ ಪಂದ್ಯಗಳಲ್ಲಿ ಬಿದ್ದು ಎದ್ದವರು, ಈಗ ಸಿಮೆಂಟ್ ಕಾರ್ಖಾನೆಯಲ್ಲಿದ್ದಾರೆ, ಭಾನುವಾರಕ್ಕೊಮ್ಮೆ ಪಾಳುಬಿದ್ದ ಕಲ್ಲುಗಣಿಯಲ್ಲಿ ಪಾಠ ಹೇಳುತ್ತಾರೆ. ಹೋದ ಭಾನುವಾರ ಶೀಲಾಳ ಕಾಟ ತಡೆಯಲಾರದೆ ನಾನೂ ಅತ್ತೆಯೂ ಬಾಡಿಗೆ ಜೀಪಿನಲ್ಲಿ ಅವಳ ಜೊತೆ ಹೋಗಿ ನೋಡಿಬಂದೆವು. ಗಣಿಯ ಹಾದಿಗೆ ಗಡಿ ಗುರುತು ಹಾಕಲು ಬೇರೆಯವರು ಹಗ್ಗವನ್ನೋ ಸುಣ್ಣವನ್ನೋ ಬಳಸುತ್ತಾರೆ. ರೇವಪ್ಪನವರು ಗುಟ್ಕಾ ಉಗುಳುತ್ತಾರೆ. ಮೂಲೆಗೊಂದು ಉಗುಳು, ತಿರುವಿಗೆರಡು. 'ಕೆಂಪು ದಾಟಬ್ಯಾಡ್ರಿ' ಎಂದು ಶಿಷ್ಯರಿಗೆ ಅಪ್ಪಣೆ. ಯಾರು ದಾಟುತ್ತಾರೆ? ನಾನಂತೂ ಗಣಿಯ ಬಾಯಲ್ಲೇ ಸೀರೆ ಎತ್ತಿ ಹಿಡಿದು ನಿಂತುಬಿಟ್ಟೆ.

ಅಲ್ಲಿ ಪುಣೆಯಿಂದ ಬಂದವನೊಬ್ಬ ಅಸಲಿ ಟ್ರಯಲ್ಸ್ ಗಾಡಿ ತಂದಿದ್ದ. ಪರದೇಶದ ಮಾಲು. ನೋಡಿ ನನಗೆ ವಾಕರಿಕೆ ಬಂತು. ಪುಕ್ಕ ಕಿತ್ತ ಕೋಳಿ ಹೇಗಿರುತ್ತದೋ ಹಾಗಿತ್ತು. ದೀಪವಿಲ್ಲ, ಡಬ್ಬವಿಲ್ಲ, ಸೀಟೇ ಇಲ್ಲ! ಸೀಟೆಲ್ಲಿ ಎಂದರೆ, ನಿಂತೇ ಓಡಿಸಬೇಕಂತೆ, ಕೂತರೆ ಮೈಯ ತೂಕ ಆಚೀಚೆ ಸರಿಸಲು ಬರುವುದಿಲ್ಲವಂತೆ. ರೇವಪ್ಪನವರು ನನ್ನ ಮುಖ ನೋಡಿ, 'ಅಕ್ಕೋರ, ಇದು ಓಡಸೋ ಆಟ ಅಲ್ರಿ, ನಿಂದರೋ ಆಟ' ಎಂದರು. 'ನಿಂದರಾಕ ಗಾಡಿ ಯಾಕ ಬೇಕ್ರಿ? ರೇಶನ್ ಅಂಗಡಿ ಮುಂದ ಹೋದ್ರ ಸಾಕಲ್ಲ' ಎಂದೆ. ಶೀಲಾ ನನ್ನ ಸೆರಗು ಹಿಡಿದು ಹಿಂದಕ್ಕೆ ಎಳೆದಳು. ಆದರೆ ಆ ಮನುಷ್ಯ ಉಗುಳಿನ ನಡುವೆ ಶೀಲಾಳಿಗೆ ಒಂದು ಒಳ್ಳೆಯ ಮಾತನ್ನೂ ಆಡಿದರೆಂದು ಒಪ್ಪಬೇಕು. 'ಮೊದಲ ಗಾಡಿ ದೊಡ್ಡದು ಬ್ಯಾಡವ್ವ. ಹಗೂರ ಇರಲಿ, ಮೆತ್ತಗ ಎಳೀಲಿ. ಬಿದ್ದದ್ದು ನೀನೊಬ್ಬಾಕೇ ಎಬ್ಬಸಬೇಕು. ಎಬ್ಬಸಾಕ ಆಗಲಾರದ್ದು ಏರಬ್ಯಾಡ.' ಇದರ ಜೊತೆಗೆ ಇನ್ನೊಂದು ಮಾತು. ಮುಂದಿನ ಭಾನುವಾರ, ಎಂದರೆ ನಾಳೆ, ಹೊಸಬರನ್ನು ಸೇರಿಸಿಕೊಳ್ಳುವ ದಿನ. ಸ್ವಂತ ಗಾಡಿ ತಂದವರಿಗೆ ಮಾತ್ರ ಜಾಗ, ಉಳಿದವರು ಬರುವ ವರ್ಷ ಬರಲಿ. ಇದನ್ನು ಕೇಳಿದ ಮೇಲೆ ಬಡಬಡ ಮಾತಾಡುವ ನಿಮ್ಮ ಮಗಳು ಮನೆಗೆ ಬರುವವರೆಗೂ ಜೀಪಿನ ಕಿಟಕಿಗೆ ಹಣೆ ಹಚ್ಚಿಕೊಂಡು ಕೂತದ್ದು ನೋಡಿ ನನಗೆ ಇನ್ನಷ್ಟು ರೇಗಿತು. ಎಲ್ಲ ಬಿಟ್ಟು ಈ ಆಟದ ಮೇಲೆಯೇ ಜೀವ ಇಟ್ಟುಕೊಳ್ಳಬೇಕೇ?

ಹೀಗಾಗಿ ಮಂಗಳವಾರ ನಾವು ಮೂವರೂ ಬಾಡಿಗೆ ಜೀಪಿನಲ್ಲಿ ನಾರಾಯಣಖೇಡಕ್ಕೆ, ಹಳೇ ಗಾಡಿ ಮಾರುವ ಕಾಶಿರಾಮನ ಅಂಗಡಿಗೆ ಹೋದೆವು. ದೊಡ್ಡ ವ್ಯವಹಾರಕ್ಕೆ ಹೋಗುವಾಗ ಮರ್ಯಾದಸ್ಥರ ಹಾಗೆ ಕಾಣಬೇಕೆಂದು ನಾನು ವಿಜಯದಶಮಿಯ ಧಮ್ಮದೀಕ್ಷೆ ದಿನಕ್ಕೆ ಎತ್ತಿಟ್ಟಿದ್ದ ಬಿಳಿ ಸೀರೆ ಉಟ್ಟಿದ್ದೆ. ಕಾಶಿರಾಮ ನಮ್ಮನ್ನು ನೋಡಿದವನೇ, 'ಅಕ್ಕೋರ, ಹೆಣ್ಮಕ್ಳಿಗೆ ಅಂತ ಬ್ಯಾರೆ ಅದಾವ್ರಿ, ಗುಲಾಬಿ ಕಲರ್, ಮುಂದ ಬುಟ್ಟಿ' ಎಂದ. ಅವಳಿಗೆ ಬುಟ್ಟಿ ಬೇಡ, ಬಂಡೆ ಹತ್ತುವ ಗಾಡಿ ಬೇಕು ಎಂದೆ. ಆಗಿನಿಂದ ಅವನು ನಮ್ಮ ಕಡೆ ತಿರುಗಲೇ ಇಲ್ಲ. ಗೇರು, ಕ್ಲಚ್ಚು, ಚೈನು ಎಲ್ಲವನ್ನೂ ನಮ್ಮ ಜೀಪಿನ ಡ್ರೈವರನಿಗೆ ವಿವರಿಸಿದ. ನಮ್ಮ ಜೊತೆಗಿದ್ದ ಗಂಡಸು ಅವನೊಬ್ಬನೇ! 'ನೋಡ್ರಿ ಭಾಯ್, ಪಿಕಪ್ ಹೆಂಗದ. ಬಿಲ್ಕುಲ್ ಹುಲಿ.' ಡ್ರೈವರ್ ಗಂಭೀರವಾಗಿ ತಲೆಯಾಡಿಸುತ್ತಿದ್ದ. ಅವನಿಗೆ ತನ್ನ ಜೀಪಿನಲ್ಲಿ ಹಾರ್ನ್ ಬಿಟ್ಟು ಬೇರೇನೂ ಪರಿಚಯವಿಲ್ಲ, ಹಾದಿಯಲ್ಲಿ ಟಯರು ಬದಲಾಯಿಸಿದ್ದು ಶೀಲಾ. ಇಂಥ ಗಂಡಸರ ಗೋಷ್ಠಿ ಕಂಡಾಗ ನನಗಾಗುವ ಅಸಹ್ಯವನ್ನು ಬರೆಯಲು ಕಾಗದ ಸಾಲದು. ನೀವೂ ಆ ಜಾತಿಯವರೇ ಆದ್ದರಿಂದ ಇಷ್ಟಕ್ಕೇ ಬಿಡುತ್ತೇನೆ.

ಮೊದಲು ತೋರಿಸಿದ್ದು ಕೋಣದಂಥ ಒಂದು ದೊಡ್ಡ ಗಾಡಿ. ಶೀಲಾ ಗಾಡಿ ಬೇಕೆಂದು ಬರೆದದ್ದಕ್ಕೆ ನಿಮ್ಮ ಪತ್ರದಲ್ಲಿ ಬಂದ ಉಪದೇಶಕ್ಕೆ ಸರಿಯಾಗಿ ಹೊಂದುತ್ತಿತ್ತು, 'ತೂಕವಿದ್ದರೆ ನೆಲ ಹಿಡಿಯುತ್ತದೆ' ಎಂದು ಬರೆದಿದ್ದಿರಲ್ಲ. ನಿಮ್ಮ ತಾಯಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, 'ಏ ಕಾಶಿರಾಮಾ, ಇದನ್ನ ಕೆಡವು' ಎಂದರು. ಅವನು, 'ಕೆಡವೋದಂದ್ರ ಹೆಂಗ ಆಯಿ?' ಎಂದ. 'ಹೆಂಗ ಅಂದ್ರ ಹಿಂಗ' ಎಂದು ಅತ್ತೆ ಸೊಂಟದಿಂದ ಒಂದು ತಳ್ಳು ತಳ್ಳಿದರು. ಗಾಡಿ ಮಲಗಿತು, ಕಾಶಿರಾಮ ಎದೆ ಹಿಡಿದುಕೊಂಡ. ಶೀಲಾ ಹ್ಯಾಂಡಲ್ ಹಿಡಿದು ಜಗ್ಗಿದಳು, ಬೆನ್ನು ಕೊಟ್ಟು ನೂಕಿದಳು, ಮುಖ ಕೆಂಪಾಯಿತು, ಗಾಡಿ ಮಿಸುಕಲಿಲ್ಲ. ಕೊನೆಗೆ ಕಾಶಿರಾಮನೂ ತಲೆಯಾಡಿಸುವ ಡ್ರೈವರನೂ ಸೇರಿ ಎತ್ತಿದರು. ಅತ್ತೆ, 'ಬ್ಯಾಡ' ಎಂದು ಮುಂದೆ ನಡೆದರು. ಆಮೇಲೆ ಬಂದದ್ದು ಎತ್ತರದ, ಸಪೂರ, ಹಸಿರು ಬಣ್ಣದ ಗಾಡಿ. ಅದನ್ನು ಶೀಲಾ ಎಬ್ಬಿಸಿದಳು. ಅವಳ ಕಣ್ಣಲ್ಲಿ ಬೆಳಕು ಬಂದದ್ದು ನೋಡಿ ನಾನು ಪರ್ಸಿಗೆ ಕೈ ಹಾಕಿದ್ದೆ. ಅತ್ತೆ ಮಾತ್ರ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಗಾಡಿಯ ಹೊಟ್ಟೆ ಕೆಳಗೆ ಕೈ ತೂರಿಸಿದರು. 'ಸಂತ್ಯಾಗ ಎಮ್ಮಿ ಮಾರೋರು ಕೋಡಿಗೆ ಎಣ್ಣಿ ಹಚ್ತಾರ, ಹೊಟ್ಟಿ ಕೆಳಗ ಹಚ್ಚಾಂಗಿಲ್ಲ' ಎನ್ನುತ್ತಾ ತಡವಿ ತಡವಿ ಒಂದು ಕಡೆ ಬೆರಳು ನಿಲ್ಲಿಸಿದರು. 'ಇದರ ಎಲುಬು ಮುರದು ಬೆಸದಾರ.' ಕಾಶಿರಾಮ, 'ಅದು ಕಂಪನಿ ವೆಲ್ಡಿಂಗ್ ಆಯಿ, ಫಿಕರ್ ಬ್ಯಾಡ' ಎಂದ. ಅತ್ತೆ ಕೈ ಹೊರಗೆ ತೆಗೆದರು. ಐದೂ ಬೆರಳು ಹಸಿರು. 'ಕಂಪನ್ಯಾರು ಇವತ್ತ ಮುಂಜಾನೆ ಬಂದು ಬಣ್ಣ ಹಚ್ಚಿ ಹೋದ್ರೇನೋ?' ಎಂದು ಕೇಳಿ, ಆ ಐದು ಬೆರಳುಗಳನ್ನೂ ನನ್ನ ಬಿಳಿ ಸೀರೆಗೆ ಒರೆಸಿಕೊಂಡರು. ಗುರುವಾರ ವಿಜಯದಶಮಿಗೆ ಬುದ್ಧವಿಹಾರದಲ್ಲಿ ಎಲ್ಲರೂ ಹಾಲಿನಂಥ ಸೀರೆ ಉಟ್ಟು ಪಂಚಶೀಲ ಹೇಳುತ್ತಿದ್ದರೆ ನಾನು ಸೊಂಟದ ಮೇಲೆ ಹಸಿರು ಹಸ್ತ ಮುದ್ರಿಸಿಕೊಂಡು ಚುನಾವಣೆಯ ಗೋಡೆಯ ಹಾಗೆ ನಿಂತಿದ್ದೆ.

ವಾಪಸು ಬರುವಾಗ ಶೀಲಾ ಅಳಲಿಲ್ಲ. ಅತ್ತಿದ್ದರೆ ಬೈದು ಸುಮ್ಮನಾಗಿಸಬಹುದಿತ್ತು. 'ಇರ್ಲಿ ಬಿಡಮ್ಮ, ಬರೋ ವರ್ಷ' ಎಂದಳು, ಅಷ್ಟೇ. ಮರುದಿನ ಸೈಕಲ್ ಏರಲಿಲ್ಲ. ಒಗೆಯುವ ಕಲ್ಲು ನನಗೆ ಪೂರ್ತಿ ಸಿಕ್ಕಿತು, ಒಗೆಯಲು ಮನಸ್ಸಾಗಲಿಲ್ಲ. ನಿಮ್ಮ ಪತ್ರ ತೆಗೆದು ಇನ್ನೊಮ್ಮೆ ಓದಿದೆ. 'ಅವಳಿಗೆ ಯಾವುದಾದರೂ ಕೊಡಿಸು, ಇಲ್ಲ ನಾನು ಜನವರಿಯಲ್ಲಿ ರಜೆಗೆ ಬರುವವರೆಗೆ ಕಾಯಲಿ. ನನ್ನ ಗಾಡಿ ಮಾತ್ರ ಮುಟ್ಟಬೇಡಿ.' ಕೊನೆಯ ವಾಕ್ಯದ ಕೆಳಗೆ ಗೆರೆ ಬೇರೆ ಎಳೆದಿದ್ದೀರಿ. ಪೂಜೆ ಪುನಸ್ಕಾರ ಬಿಟ್ಟ ಮನೆ ನಮ್ಮದು, ಊರವರು ದಸರೆಗೆ ಗಾಡಿಗಳಿಗೆ ಕುಂಬಳಕಾಯಿ ಒಡೆದರೆ ನಕ್ಕವರು ನೀವು. ಆದರೆ ವರ್ಷಗಟ್ಟಲೆ ಒಂದು ಗಾಡಿಯನ್ನು ತಾಡಪತ್ರಿಯೊಳಗೆ ಕೂರಿಸಿ, ರಜೆಗೆ ಬಂದಾಗ ಒರೆಸಿ, ಕಣ್ತುಂಬ ನೋಡಿ, ಮತ್ತೆ ಮುಚ್ಚುವುದಕ್ಕೆ ಏನೆನ್ನಬೇಕೋ ನೀವೇ ಹೇಳಿ. ನನಗೆ ಗೊತ್ತಿರುವ ಶಬ್ದ ಗರ್ಭಗುಡಿ.

ಇರಲಿ. ಬಿಸಿನೀರು ಕುಡಿಯಿರಿ, ಕಾಲಿಗೆ ಎಣ್ಣೆ ಹಚ್ಚಿ. ಟೋಪಿ ನಿಮ್ಮದು, ಬ್ಯಾಟರಿಯದಲ್ಲ. ನಿಮ್ಮ ತಾಯಿ ಆಶೀರ್ವಾದ ಹೇಳಿದ್ದಾರೆ. ಶೀಲಾಳ ಕೈಯೆಲ್ಲ ಎಣ್ಣೆಯಾಗಿದೆ, ಅವಳ ನಮಸ್ಕಾರ ನಾನೇ ಬರೆಯುತ್ತಿದ್ದೇನೆ. ನಿಮ್ಮ ಜೊತೆಯವರಿಗೆಲ್ಲ ಜೈಭೀಮ್.

ಇಂತಿ ನಿಮ್ಮ,
ಸುಜಾತಾ

ತಾ.ಕ.: ಟೆಂಪೋದವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಗಾಡಿಯ ಸಮಾಚಾರ ಕೇಳಿದ್ದಿರಿ. ವಿಜಯದಶಮಿಯ ಮಧ್ಯಾಹ್ನ ಊಟವಾದ ಮೇಲೆ ನಿಮ್ಮ ತಾಯಿ ಅಂಗಳದಲ್ಲಿ ಕೂತು, 'ಮನ್ಯಾಗ ಎತ್ತು ಕಟ್ಟಿ, ಊರೂರು ಎತ್ತು ಹುಡುಕಾಕ ಹತ್ತೀರಿ. ಆ ತಾಡಪತ್ರಿ ತೆಗಿ' ಎಂದರು. ತೆಗೆದೆ. ಕೆಡವಿದರು. ಶೀಲಾ ಒಂದೇ ಏಟಿಗೆ ಎಬ್ಬಿಸಿದಳು. ನೂರು ಸಿಸಿ, ಹಗೂರ, ಮೆತ್ತಗೆ ಎಳೆಯುತ್ತದೆ, ಹೊಟ್ಟೆಯ ಕೆಳಗೆ ಹಸಿ ಬಣ್ಣವಿಲ್ಲ. ರೇವಪ್ಪನವರಿಗೆ ಫೋನ್ ಮಾಡಿ ಕೇಳಿದರೆ, 'ಅಯ್ಯ, ಮೊದಲಿಗೆ ಇದಕ್ಕಿಂತ ಚೊಲೋದು ಏನದರಿ' ಎಂದರು. ಮದುವೆಯಾಗಿ ನ್ಯಾಲ್ಕಲ್‌ನಿಂದ ನನ್ನನ್ನು ಕರೆತರುವಾಗ ಸೆರಗು ಚಕ್ರಕ್ಕೆ ಸಿಗಬಾರದೆಂದು ನೀವು ಹಾಕಿಸಿದ್ದ ಸಾರಿ ಗಾರ್ಡ್ ಇತ್ತಲ್ಲ, ಅದಕ್ಕೆ ಕಲ್ಲು ಸಿಕ್ಕಿಕೊಳ್ಳುತ್ತದಂತೆ. ಕೊಯ್ಯಲು ಶೀಲಾಳಿಗೆ ಕೈ ಬರಲಿಲ್ಲ. ನಾನೇ ಕಬ್ಬಿಣ ಕೊಯ್ಯುವ ಬ್ಲೇಡ್ ತೆಗೆದುಕೊಂಡು ಕೊಯ್ದೆ. ಅದು ನನಗೆಂದು ಹಾಕಿಸಿದ್ದು, ತೆಗೆಯುವ ಹಕ್ಕೂ ನನ್ನದೇ. ಸ್ವಲ್ಪ ಹೊತ್ತು ಹಿಡಿಯಿತು, ನೀವು ಗಟ್ಟಿಯಾಗಿಯೇ ಹಾಕಿಸಿದ್ದಿರಿ. ಇವತ್ತು ಬೆಳಿಗ್ಗೆ ಟೆಂಟಿನ ಮುಂದಿನ ಕಲ್ಲುಗುಡ್ಡೆಯ ಮೇಲೆ ಹತ್ತಿಸಿ ನೋಡಿದಳು. ಇಡೀ ಮುಷ್ಕರವೇ ಎದ್ದು ನಿಂತಿತು. ಹತ್ತಿದಳು, ತುದಿಯಲ್ಲಿ ಒಂದು ಕ್ಷಣ ಅಲುಗದೆ ನಿಂತಳು, ಆಚೆ ಕಡೆ ಬಿದ್ದಳು. ನಮ್ಮ ಹೆಡ್‌ಮಾಸ್ತರರೂ ಸೇರಿ ಗಂಡಸರೆಲ್ಲ ಎಬ್ಬಿಸಲು ಓಡಿದರು. ಅತ್ತೆ ಕೋಲು ಅಡ್ಡ ಹಿಡಿದು, 'ಯಾರೂ ಮುಟ್ಟಬ್ಯಾಡ್ರಿ!' ಎಂದರು. ಅವಳೇ ಎಬ್ಬಿಸಿದಳು. ಟ್ಯಾಂಕಿನ ಎಡಕ್ಕೆ ಒಂದು ಗುಳಿ ಬಿದ್ದಿದೆ, ಮೊಣಕೈ ತರಚಿದೆ. ಹಲ್ಲು ಕಿರಿದುಕೊಂಡು ಇಡೀ ಊರಿಗೆ ಆ ಮೊಣಕೈ ತೋರಿಸುತ್ತಿದ್ದಾಳೆ, ಹೇಸಿಗೆ. ಗಾಡಿ ಟೆಂಪೋದಲ್ಲಿದೆ, ನಾಳಿನ ಸೇರ್ಪಡೆಗೆ ನಾವು ಇವತ್ತೇ ತಾಂಡೂರಿಗೆ ಹೊರಟೆವು. ನಿಮಗೆ ಸಿಟ್ಟು ಬಂದರೆ ಪತ್ರ ಬರೆಯಿರಿ, ಮೊದಲ ಸಾಲಿನಲ್ಲಿ ಅವಳ ಮೊಣಕೈ ಹೇಗಿದೆ ಎಂದು ಕೇಳಿ. ಬರುವಾಗ ಹಿಂದಿನ ಗಾಲಿಯ ಚೈನ್ ಚಕ್ರ ಇದಕ್ಕಿಂತ ದೊಡ್ಡದು ಸಿಕ್ಕರೆ ತನ್ನಿ, ಇನ್ನೂ ಮೆತ್ತಗೆ ಹತ್ತುತ್ತದಂತೆ. ಸೀಟು ಎಲ್ಲಿ ಎಂದು ಮಾತ್ರ ಕೇಳಬೇಡಿ. ನಿಮ್ಮ ತಾಯಿ ಅದನ್ನು ಅಂಗಳದಲ್ಲಿ ಹಾಕಿಕೊಂಡು ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಾರೆ. ಟೆಂಪೋದವನು ಅಷ್ಟು ಹಾರ್ನ್ ಹೊಡೆದರೂ ಏಳುತ್ತಿಲ್ಲ.