ಕಿಕುಎ ಅತ್ತೆಯ ಕಾರಿನ ಹಿಂದಿನ ಸೀಟು

ತಮತ್ಸುಕುರಿ ಬಿಸಿನೀರ ಬುಗ್ಗೆಯ ವಸತಿಗೃಹದಿಂದ
ನವೆಂಬರ್ ೧೮, ಸಂಜೆ

ಪ್ರೀತಿಯ ಸವಾಕೊ,

ಕ್ಷೇಮ ಅಂತ ಬರೆಯಬೇಕು. ಆದರೆ ಮಗಳೇ, ನಿನ್ನಪ್ಪನನ್ನು ಅಪಹರಿಸಿದ್ದಾರೆ. ಇದಕ್ಕೆ ಇಂಗ್ಲಿಷಿನಲ್ಲಿ ಒಳ್ಳೇ ಪದವೊಂದಿದೆ, ಕಾಲೇಜಿನಲ್ಲಿ ಕಲಿತಿದ್ದೆ. ‘ಕಿಡ್’ ಅಂತ ಶುರುವಾಗುತ್ತೆ, ಮುಂದಿನದು ಹೋಯಿತು. ಅಪಹರಿಸಿದವಳು ನನ್ನ ಸ್ವಂತ ಅಕ್ಕ, ನಿನ್ನ ಕಿಕುಎ ಅತ್ತೆ.

ಹೆಂಡತಿ ಹೋದಮೇಲೆ ನೀನು ಉಪ್ಪಲ್ಲಿ ಹಾಕಿದ ಮೂಲಂಗಿ ಥರ ಆಗಿದ್ದೀಯ, ಸಮುದ್ರದ ಗಾಳಿ ಕುಡಿ, ಹಳೇ ಕೋಟೆ ನೋಡು, ನಿಧಾನಕ್ಕೆ ಹೋಗಿಬರೋಣ ಅಂದಳು. ಕಾರಿನ ಬಾಗಿಲು ತೆಗೆದರೆ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಬುತ್ತಿಪೆಟ್ಟಿಗೆ ಇಟ್ಟುಕೊಂಡು ಮಿಸಾವೊ ಅವರು. ಅದೇ, ಮೇಷ್ಟ್ರ ವಿಧವೆ. ವಸಂತದಲ್ಲಿ ಅತ್ತೆಯ ಮನೆಗೆ ಚಹಾಕ್ಕೆ ಬಂದಿದ್ದರಲ್ಲ, ಬೇಸಿಗೆಯಲ್ಲಿ ಪಟಾಕಿ ನೋಡಲೂ. ಅತ್ತೆಯ ಗೆಳತಿ ಅಂದುಕೊಂಡಿದ್ದೆ. ಪೆದ್ದ ನಾನು. ಸಂಬಂಧ ನೋಡುವಾಗ ಮೂರನೇ ಸಲ ಭೇಟಿಯಾದರೆ ಒಪ್ಪಿದಂತೆ ಅಂತ ನಮ್ಮ ಬೀದಿಯ ಬೆಕ್ಕಿಗೂ ಗೊತ್ತು. ನನಗೆ ಹೊಳೆಯುವ ಹೊತ್ತಿಗೆ ಕಾರು ಹೆದ್ದಾರಿ ಹತ್ತಿಯಾಗಿತ್ತು. ಹಿಂದಿನ ಬಾಗಿಲಿಗೆ ಮೊಮ್ಮಕ್ಕಳಿಗಾಗಿ ಹಾಕಿಸಿದ ಬೀಗ ಬೇರೆ. ಹೊರಗಿನಿಂದ ಯಾರಾದರೂ ತೆಗೆದರೆ ಮಾತ್ರ ಇಳಿಯಬಹುದು.

ನಿನ್ನಮ್ಮ ಅಕ್ಕಿಡಬ್ಬಿಯನ್ನು ಎಲ್ಲಿಟ್ಟಿದ್ದಳೋ ಇವತ್ತಿಗೂ ಅದು ಅಲ್ಲೇ ಇದೆ, ನಿನಗೆ ಗೊತ್ತು. ಆ ಅಡುಗೆಮನೆಯಲ್ಲಿ ಇನ್ನೊಬ್ಬರು ನಿಲ್ಲುವುದನ್ನು ನೋಡಲು ನನ್ನಿಂದಾಗದು. ಹಾಗಂತ ಒಬ್ಬ ಹೆಂಗಸಿನ ಮುಖಕ್ಕೇ ಬೇಡ ಅನ್ನುವುದುಂಟೆ? ಬೇಡವಾದರೆ ಸಂಬಂಧ ತಂದವರ ಮೂಲಕ ಹೇಳಿಸಬೇಕು. ಸಂಬಂಧ ತಂದವಳು ಮುಂದಿನ ಸೀಟಿನಲ್ಲಿದ್ದಾಳೆ. ನಾನು ಬಾಯಿ ತೆರೆದಾಗಲೆಲ್ಲ, ನೋಡೋ, ಸಮುದ್ರ ನೋಡೋ ಅಂತಾಳೆ. ಸೈಕಲ್ಲುಗಳು ನಮ್ಮನ್ನು ದಾಟಿ ಹೋಗುವಷ್ಟು ನಿಧಾನ ಓಡಿಸುವ ನಿನ್ನ ಶುನ್‌ಕಿಚಿ ಮಾವನ ಹತ್ತಿರ, ನನ್ನನ್ನು ಕಾಪಾಡಿ ಅಂತ ಕೇಳಿದ್ದಕ್ಕೆ, “ನನ್ನನ್ನೂ ಹೀಗೇ ಕೂರಿಸಿದ್ದು ಭಾಮೈದ, ಇನ್ನೂ ಇಳಿದಿಲ್ಲ” ಅಂದರು.

ತೊತ್ತೋರಿಯ ಮರಳುಗುಡ್ಡದಲ್ಲಿ ಇಬ್ಬರನ್ನೂ ಒಂದೇ ಒಂಟೆಯ ಮೇಲೆ ಹತ್ತಿಸಿ ಫೋಟೊ ತೆಗೆಸಿದಳು. ಛಾವಣಿಯ ಮೇಲೆ ತಗಡಿನ ಏಡಿ ಕಾಲಾಡಿಸುವ ಅಂಗಡಿಯ ಮುಂದೆ ಇನ್ನೊಂದು. ಒಂಟೆಯ ಮುಖವೂ ನನ್ನದರ ಹಾಗೇ ಇತ್ತು.

ಮತ್ಸುಎ ಕೋಟೆಯ ಮೆಟ್ಟಿಲು ಏಣಿಯಷ್ಟು ಕಡಿದು. ಅತ್ತೆಯ ಮಂಡಿ ಕೈಕೊಟ್ಟಿತು, ಮಾವ ಅವಳ ಜೊತೆ ಕೆಳಗೇ ಕೂತರು. ಕಾವಲಿಲ್ಲದೆ ನಾವಿಬ್ಬರೇ ಮೇಲೆ ಹೋದದ್ದು ಅದೇ ಮೊದಲು. ತುದಿಯಲ್ಲಿ ಪರದೇಶದ ಜೋಡಿಯೊಂದು ನಮ್ಮ ಫೋಟೊ ತೆಗೆಯಲು ಬಂದು, “ಯುವರ್ ವೈಫ್?” ಅಂತು. ನಾನು, “ನೋ, ನೋ. ಶಿ ಈಸ್ ಬ್ಯಾಕ್ ಸೀಟ್” ಅಂದೆ. ಏನು ಹೇಳಿದಿರಿ ಅಂತ ಮಿಸಾವೊ ಕೇಳಿದರು. ಇಂಗ್ಲಿಷಿನಲ್ಲಿ ಬಾಯಿಬಿಟ್ಟ ಮೇಲೆ ನಮ್ಮ ಭಾಷೆಯಲ್ಲೂ ಹೊರಬಂತು, ಎಲ್ಲ ಹೇಳಿಬಿಟ್ಟೆ, ಅಕ್ಕಿಡಬ್ಬಿಯವರೆಗೂ.

ಅವರು ಕಿಟಕಿಯ ಸರಳು ಹಿಡಿದು ನಿಂತುಕೊಂಡೇ ಹೇಳಿದರು: “ನಾನು ಬೇಸಿಗೆಯಲ್ಲೇ ಬೇಡ ಅಂದಿದ್ದೆ, ಕೊಹೆಯ್ ಅವರೇ. ಅವನಿಗೆ ಮನಸ್ಸಾಗಿಬಿಟ್ಟಿದೆ, ಈಗ ಬೇಡ ಅಂದರೆ ಊಟ ಬಿಡ್ತಾನೆ ಅಂದರು ನಿಮ್ಮಕ್ಕ.”

ದಾರಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದೂ ಅದೇ, ಬೇಡ ಅಂದರೆ ಆಕೆ ಊಟ ಬಿಡ್ತಾರೆ ಅಂತ. ಇಬ್ಬರ ‘ಬೇಡ’ವನ್ನೂ ನುಂಗಿ ನೀರು ಕುಡಿದಿದ್ದಾಳೆ ನಿನ್ನತ್ತೆ.

ಹಾಯೆನಿಸಿತು, ಸುಳ್ಳು ಹೇಳಲಾರೆ. ಆದರೆ ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲಿ ಸಿಟ್ಟು ಬಂತು. ನನ್ನಲ್ಲಿ ಬೇಡ ಅನ್ನುವಂಥದ್ದೇನಿದೆ? ಕೇಳಿಯೇಬಿಟ್ಟೆ.

“ನೀವು ಮಾತು ಶುರು ಮಾಡಿದರೆ ನಿಲ್ಲಿಸಲ್ಲ. ನಮ್ಮನೆಯವರು ಶುರುವೇ ಮಾಡುತ್ತಿರಲಿಲ್ಲ. ಮಧ್ಯದಲ್ಲಿ ಎಲ್ಲಾದರೂ ಒಬ್ಬರು ಇರಬಾರದಾ?”

ಆಮೇಲೆ ಕಾರಿನವರೆಗೂ ನಾನು ತುಟಿ ಬಿಚ್ಚಲಿಲ್ಲ. ಕಷ್ಟವಾಯಿತು. ಬಾಗಿಲ ಬಳಿ ನಿಂತು ಆಕೆ, ಹುಷಾರಿಲ್ಲವಾ ಅಂದರು.

ಅತ್ತೆಯೆದುರು ಒಟ್ಟಿಗೇ ಬೇಡ ಅನ್ನೋಣ, ಒಬ್ಬರಿಗೊಬ್ಬರು ಸಾಕ್ಷಿ ಅಂತ ಗೊತ್ತುಮಾಡಿಕೊಂಡೆವು. ಇವತ್ತು ಇಝುಮೊ. ಯಾರಿಗೆ ಯಾರು ಅಂತ ತೀರ್ಮಾನಿಸಲು ದೇಶದ ದೇವರೆಲ್ಲ ಅಲ್ಲಿ ಸೇರುವ ಈ ತಿಂಗಳನ್ನೇ ನೋಡಿ ಹೊರಡಿಸಿದ್ದಾಳೆ ಮಹಾರಾಯ್ತಿ. ಗುಡಿಯ ಮುಂದೆ ಪಕ್ಕಪಕ್ಕ ನಿಲ್ಲಿಸಿ, ದೇವರಿಗೆ ಕೇಳಿಸಲಿ ಅಂತ ಚಪ್ಪಾಳೆ ತಟ್ಟಿಸಿದಳು. ಈಗ ಊಟಕ್ಕೆ ಕೂತಾಗ ಲೋಟ ಕೆಳಗಿಟ್ಟು, ಸರಿ, ಏನಂತೀರಿ ಅಂದಳು. ಮಿಸಾವೊ ನನ್ನನ್ನು ನೋಡಿದರು. ನಾನು ತಟ್ಟೆಯ ಏಡಿಯನ್ನು ನೋಡಿದೆ. ಒಂದೇ ಪದ ಹೇಳಬೇಕಿತ್ತು.

“ತೀರ್ಮಾನಕ್ಕೆ ಬರುವಷ್ಟು ಊರು ಇನ್ನೂ ನೋಡಿಲ್ಲ” ಅಂದೆ.

ಆಕೆ ನನ್ನನ್ನು ಬೈಯಬೇಕಿತ್ತು. ಬೈಯಲಿಲ್ಲ. “ತ್ಸುವಾನೊ ನೋಡಿಲ್ಲ ನಾನು. ಅಲ್ಲಿ ಚರಂಡಿಯಲ್ಲೂ ಬಣ್ಣದ ಮೀನಂತೆ” ಅಂದರು.

ಮಾವ ನರಳಿದರು. ಅತ್ತೆ ಆಗಲೇ ನಕ್ಷೆ ಬಿಡಿಸಿಕೊಂಡು ಕೂತಿದ್ದಾಳೆ. ನನ್ನ ಸೆರೆವಾಸ ಮುಂದುವರಿಯುತ್ತದೆ ಮಗಳೇ. ತಪ್ಪಿಸಿಕೊಳ್ಳುವ ದಾರಿ ಕಾಣುತ್ತಿಲ್ಲ. ಬಿಡಿಸಿಕೊಂಡು ಹೋಗಲು ನೀನು ಬರುವುದೇನೂ ಬೇಡ. ಸೇವಂತಿಗೆ ನೀರು ಹಾಕು.

ಹಿಂದಿನ ಸೀಟಿನ ಕೈದಿ,
ನಿನ್ನ ಅಪ್ಪ
ಕೊಹೆಯ್

ಮರೆತಿದ್ದೆ: ತ್ಸುವಾನೊದ ವಸತಿಗೃಹಕ್ಕೆ ನನ್ನ ಬೂದುಬಣ್ಣದ ಕೋಟು ಕೊರಿಯರ್ ಮಾಡು. ಮೊಣಕೈಗೆ ತೇಪೆ ಹಾಕಿದ್ದಲ್ಲ, ಒಳ್ಳೆಯದು, ನಿನ್ನಮ್ಮ ಆರಿಸಿದ್ದು. ಅವಳ ಫೋಟೊ ಮುಂದೆ ಒಂದು ಮಾತು ಹೇಳಿ ತೆಗೆದುಕೋ. ಯಾಕೆ ಅಂತ ಕೇಳಿದರೆ, ಅಲ್ಲಿ ಚಳಿಯಂತೆ ಅನ್ನು.