ಮೂರನೇ ತಂತಿ

ಮಾರ್ಚ್ ೧೧, ಮಂಗಳವಾರ

ದವಡೆ ಶಸ್ತ್ರಚಿಕಿತ್ಸೆಯ ಪಿಜಿಗೆ ಸೇರಿದ ದಿನದಿಂದ ನನ್ನ ಮೇಲೆ ಬಾಯಿ ಮಾಡುತ್ತಿದ್ದ ವಿಭಾಗದ ಮುಖ್ಯಸ್ಥರ ಬಾಯಿಯನ್ನು ಇವತ್ತು ನಾನೇ ತಂತಿ ಹಾಕಿ ಕಟ್ಟಿದೆ. ಸ್ಕೂಟರಿನಿಂದ ಬಿದ್ದು ದವಡೆ ಮುರಿದುಕೊಂಡಿದ್ದರು. ಇನ್ನು ನಾಲ್ಕು ವಾರ ಬಾಯಿ ತೆರೆಯುವಂತಿಲ್ಲ.

"ಇದೂ ಒಂದು ಕಟ್ಟೇನಮ್ಮಾ? ಬಿಚ್ಚಿ ಮತ್ತೆ ಕಟ್ಟು!" ಎಂದು ರೋಗಿಗಳ ಎದುರೇ ಎಷ್ಟು ಸಲ ನನ್ನ ಮಾನ ಕಳೆದಿದ್ದರು!

ಕಟ್ಟಿ ಮುಗಿಸಿದ ಮೇಲೆ, "ನೋವಾದ್ರೆ ಹೇಳಿ ಸಾರ್" ಎಂದೆ. ನರ್ಸಕ್ಕ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದರು.

ಸಾರ್ ಸನ್ನೆ ಮಾಡಿ ಕನ್ನಡಿ ತರಿಸಿಕೊಂಡರು. ನನ್ನ ಪೆನ್ನು ಕಿತ್ತುಕೊಂಡು ಚೀಟಿಯಲ್ಲಿ ಬರೆದರು: "ಮೂರನೇ ತಂತಿ ಸಡಿಲ. ಬಿಚ್ಚಿ ಮತ್ತೆ ಕಟ್ಟು."

ಸಡಿಲವೇ ಆಗಿತ್ತು, ಹಾಳಾದ್ದು. ಬಿಚ್ಚಿ ಕಟ್ಟಿದೆ, ಬೇಕಾದದ್ದಕ್ಕಿಂತ ಅರ್ಧ ಸುತ್ತು ಹೆಚ್ಚಾಗಿಯೇ ತಿರುಗಿಸಿದೆ. ಸಾರ್ ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನೊಂದು ಚೀಟಿಗೆ ಕೈಚಾಚಿದರು. ನಾನು ನನ್ನ ಪೆನ್ನನ್ನು ವಾಪಸ್ ಕಿತ್ತುಕೊಂಡು ಜೇಬಿಗಿಳಿಸಿ ಹೊರಟೆ.

ಇದನ್ನು ಆ ಪೆನ್ನಿನಲ್ಲೇ ಬರೆಯುತ್ತಿದ್ದೇನೆ.