ತೊದಲದ ದನಿ

ಮಾರ್ಚ್ ೧೪
ಬೀಗದ ಅಂಗಡಿಯಿಂದ

ಮುದ್ದು ಗುಬ್ಬಿಗೆ ದೊಡ್ಡಪ್ಪನ ಆಶೀರ್ವಾದ.

ಹೇಗಿದ್ದೀಯಮ್ಮ? ನಿನ್ನಮ್ಮನ ಮಂಡಿನೋವು ಇಳಿಯಿತೇ? ನಿನ್ನ ಯಜಮಾನರು, ನಮ್ಮ ಚಿನಕುರುಳಿ ಪುಟ್ಟಿ ಕ್ಷೇಮವೇ? ಬರೆಯುವುದು ತಡವಾಯಿತು, ಬೈಯಬೇಡ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ಕಾಗದಕ್ಕೆ ಕಿವಿಯಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಊರಿಗೆಲ್ಲ ಬೀಗ ಹಾಕಿಕೊಡುವ ನನ್ನ ಮನೆಗೇ ಕನ್ನ ಬಿತ್ತು ನೋಡು. ಯುದ್ಧದಲ್ಲಿ ನಮ್ಮ ದೊಡ್ಡವನು ಬಿದ್ದದ್ದನ್ನು ಜೊತೆಗಾರರು ಕಣ್ಣಾರೆ ಕಂಡಿದ್ದರು. ದೇಹ ನಮಗೆ ಸಿಗಲಿಲ್ಲ, ಫೋನು ಶತ್ರುಗಳಿಗೆ ಸಿಕ್ಕಿತು. ಅದರೊಳಗಿದ್ದ ಅವನ ದನಿಯ ಸಂದೇಶಗಳನ್ನೆಲ್ಲ ಕದ್ದು, ಯಂತ್ರದಲ್ಲಿ ಅದೇ ದನಿ ಕಟ್ಟಿ, ಹೆತ್ತವಳಿಗೇ ಕರೆ ಮಾಡಿದರು. "ಅಮ್ಮ, ನಾನು ಸತ್ತಿಲ್ಲ, ಸೆರೆಯಲ್ಲಿದ್ದೀನಿ. ತಮ್ಮನ ಪಡೇನ ಈಗ ಎಲ್ಲಿಗೆ ಹಾಕಿದ್ದಾರೆ?" ನಿನ್ನ ದೊಡ್ಡಮ್ಮ ಫೋನು ಹಿಡಿದು ಅಂಗಡಿಗೇ ಓಡಿಬಂದಳು. ನಾನೂ ಕೇಳಿದೆ. ಅದೇ ದನಿ, ಮಾತಿನ ಕೊನೆಗೆ ಅದೇ ಎಳೆತ. ಆದರೆ ಒಂದು ಕಡೆಯೂ ತೊದಲಲಿಲ್ಲ!

'ಅಮ್ಮ' ಅನ್ನುವುದಕ್ಕೇ ನಾಲ್ಕು ಸಲ ಮುಗ್ಗರಿಸುತ್ತಿದ್ದ ಹುಡುಗ. ಸಂದೇಶ ಕಳಿಸುವಾಗ ಮಾತ್ರ, ತೊದಲಿದ್ದನ್ನು ಅಳಿಸಿ ಅಳಿಸಿ, ಸಲೀಸಾಗಿ ಬಂದದ್ದನ್ನೇ ಕಳಿಸುತ್ತಿದ್ದ. ಕಳ್ಳರಿಗೆ ಸಿಕ್ಕಿದ್ದು ಅಷ್ಟೇ. "ನಾಳೆ ಮಾಡಪ್ಪ, ವಿಚಾರಿಸಿ ಹೇಳ್ತೀನಿ" ಎಂದು ಫೋನಿಟ್ಟು, ನೇರ ಸೇನೆಯ ಗುಪ್ತಚರ ವಿಭಾಗಕ್ಕೆ, ನಿನ್ನ ಕಚೇರಿಗೆ ಬಂದೆ.

ಆಮೇಲೆ ನಿಮ್ಮವರು ನಮ್ಮ ಫೋನಿಗೆ ಕಿವಿಯಿಟ್ಟು ಕೂತರು. ಮರುದಿನ ಕರೆ ಬಂದಾಗ ನೀನು ಹೇಳಿಕೊಟ್ಟಂತೆ ನಾನು ಅಂದೆ: "ನಿನ್ನ ತಮ್ಮ ಹಳೇ ಇಟ್ಟಿಗೆ ಕಾರ್ಖಾನೇಲಿದ್ದಾನಪ್ಪ, ಪಡೆ ಪೂರ್ತಿ ಅಲ್ಲೇ ಇದೆ." "ಸರಿ ಅಪ್ಪ, ನೀವು ಹುಷಾರು" ಅಂದಿತು ಆ ದನಿ. ನನ್ನ ಕ್ಷೇಮ ಬೇರೆ ಬಯಸಿದ, ಬೇವರ್ಸಿ! ಅವರ ಡ್ರೋನುಗಳು ಬಂದು ಖಾಲಿ ಕಾರ್ಖಾನೆ ಸುಟ್ಟವು. ಕರೆ ಬಂದದ್ದೂ ಡ್ರೋನು ಎದ್ದದ್ದೂ ಒಂದೇ ಕಟ್ಟಡದಿಂದ ಎಂದು ಪತ್ತೆಹಚ್ಚಿ ನಿಮ್ಮವರು ಅದನ್ನು ನೆಲಸಮ ಮಾಡಿದರು. ಸುದ್ದಿ ಕೇಳಿ ಅಂಗಡಿಯಲ್ಲಿ ಒಬ್ಬನೇ ಕೂತು ನಕ್ಕೆ. ಪಕ್ಕದ ದರ್ಜಿ ಇಣುಕಿ, "ಏನಜ್ಜ, ಲಾಟರಿ ಹೊಡೀತಾ?" ಅಂದ. "ಹೊಡೀತು ಕಣೋ, ಸರಿಯಾಗೇ ಹೊಡೀತು" ಅಂದೆ.

ಒಬ್ಬನೂ ಉಳಿದಿಲ್ಲ ತಾನೇ? ಆ ದನಿ ಕಟ್ಟಿದವನು? ಅವನ ತಾಯಿಯೂ ಫೋನು ಎತ್ತಿ ಎತ್ತಿ ಇಡಲಿ. ವಯಸ್ಸಾದವರು ಹೀಗೆ ಶಾಪ ಹಾಕಬಾರದು ಅನ್ನುತ್ತೀಯ. ಹಾಕಿದ್ದಾಯಿತು, ಬರೆದದ್ದನ್ನು ಹೊಡೆದುಹಾಕುವುದಿಲ್ಲ.

ಚಿಕ್ಕವನು ಕ್ಷೇಮವಾಗಿದ್ದಾನೆ. ನಿನಗೂ ಪುಟ್ಟಿಗೂ ನನ್ನ ಆಯುಸ್ಸೂ ಸೇರಲಿ.

ನಿನ್ನ ದೊಡ್ಡಪ್ಪ

ತಾ.ಕ.: ನಿನ್ನ ದೊಡ್ಡಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅದು ಮಗನಲ್ಲವೆಂದು ಅವಳಿಗೂ ಮೊದಲ ಕರೆಯಲ್ಲೇ ತಿಳಿದಿತ್ತಂತೆ. "ಚಿಕ್ಕೋನ ಸುದ್ದಿ ನಾನೇನು ಬಾಯಿ ಬಿಡ್ತಿದ್ನಾ? ಬದುಕಿರೋವರೆಗೂ ನನ್ನ ಕೂಸು ಒಂದು ಮಾತು ಸಲೀಸಾಗಿ ಆಡ್ಲಿಲ್ಲ. ಈಗ ಆಡ್ತಿತ್ತು. ಅದನ್ನೂ ಹೊಡೆಸಿಬಿಟ್ರಲ್ಲ" ಅಂದಳು. ನಿಮ್ಮ ಕಚೇರಿಯಲ್ಲಿ ಆ ಕರೆಗಳ ಧ್ವನಿಮುದ್ರಣ ಉಳಿದಿದೆಯೇ? ನನಗೂ ಬೇಕಿತ್ತು. ಬೇಗ ಬರಿ, ಮಗಳೇ.